ಇಸ್ತ್ರಿ ಹಾಕಿಸಿದ ತಾಯಿಗೆ ನಮಸ್ಕಾರ

ಉಗಾಂಡಾದಲ್ಲಿ ಕೈಗೂಸುಗಳನ್ನು ಇಟ್ಟುಕೊಂಡು ಮಿಷನ್ ಸೇವೆಯಲ್ಲಿರುವ ನಮ್ಮಂಥ ಕುಟುಂಬಗಳ ಪರವಾಗಿ, ಹೆಸರು ಹೇಳಬೇಡಿ ಎಂದ ನೆರೆಮನೆಯ ತಾಯಿಗೆ ಮನಸಾರೆ ಧನ್ಯವಾದ. ಮಗುವಿನ ಲಂಗೋಟಿಗೂ ಇಸ್ತ್ರಿ ಏಕೆ ಬೇಕೆಂದು ತಿಳಿಸಿದವರು ಅವರೇ.

ಅಲ್ಲಿನ ಟುಂಬು ನೊಣ ನೆರಳಲ್ಲಿ ಹರವಿದ ತೇವದ ಬಟ್ಟೆಯ ಮೇಲೆ, ಮೂತ್ರ ಬಿದ್ದ ಮರಳಿನಲ್ಲಿ ಮೊಟ್ಟೆಯಿಡುತ್ತದೆ. 1ರಿಂದ 3 ದಿನಕ್ಕೆ ಹುಳು ಹೊರಬರುತ್ತದೆ, ಮೈ ತಾಗಿದರೆ ಚರ್ಮದೊಳಗೆ ಇಳಿಯುತ್ತದೆ. ಆ ಜಾಗ ಕುರುವಿನಂತೆ ಊದಿಕೊಳ್ಳುತ್ತದೆ. ಹಾಗಾಗಿ ಬಟ್ಟೆಯನ್ನು ನೇರ ಬಿಸಿಲಲ್ಲೇ ಒಣಗಿಸಿ, ಎರಡೂ ಮಗ್ಗುಲಿಗೆ ಬಿಸಿ ಇಸ್ತ್ರಿ ಹಾಯಿಸಬೇಕು. ಹೆಚ್ಚಿನವರು ತಪ್ಪುವುದು ಹೊಲಿಗೆಯ ಮಡಿಕೆಯಲ್ಲಿ, ಸೊಂಟದ ಪಟ್ಟಿಯಲ್ಲಿ. ತೇವ ಉಳಿಯುವುದೂ ಅಲ್ಲೇ. ಬಿಸಿ ತಡೆಯದ ಎಲಾಸ್ಟಿಕ್ ಬಟ್ಟೆಗಳನ್ನು ಕಿಟಕಿಗೆ ಜಾಲರಿ ಇರುವ ಕೋಣೆಯೊಳಗೆ ಒಣಗಿಸುವುದು ಲೇಸು.

ಊತದ ನಡುವೆ ಚಿಕ್ಕ ತೂತು ಕಂಡರೆ ವ್ಯಾಸಲೀನ್ ದಪ್ಪಗೆ ಬಳಿಯಬೇಕು. ಉಸಿರಿಗಾಗಿ ಹುಳು ಮೇಲೆ ಬಂದಾಗ ಎರಡೂ ಬದಿಯಿಂದ ಮೆಲ್ಲಗೆ ಒತ್ತಬೇಕು. ಬಲವಾಗಿ ಹಿಂಡಿದರೆ ಅದು ಒಳಗೇ ಒಡೆದು ಕೀವಾಗಬಹುದು. ಜೊತೆಗೆ ಜ್ವರವಿದ್ದರೆ ಮನೆಮದ್ದು ಬೇಡವೇ ಬೇಡ, ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಬೇಕು.

ತಾಯೀ, ಇದ್ದಿಲ ಇಸ್ತ್ರಿಪೆಟ್ಟಿಯ ಬೂದಿಯನ್ನು ಮೊದಲು ಹೊರಗೆ ಕೊಡವಬೇಕೆಂಬುದನ್ನೂ ತೋರಿಸಿಕೊಟ್ಟಿರಿ. ಹೊಸದಾಗಿ ಬರುವ ಪ್ರತಿ ಮನೆಗೂ ಇದನ್ನೆಲ್ಲ ಹೇಳುತ್ತಿದ್ದೇವೆ.