ಲೆಫ್ಟ್ ಔಟ್‌ಗೆ ಒಂದು ಪತ್ರ

ಗೆಳೆಯಾ,

ನೀನು ಕಳಿಸಿದ ಹಳೆಯ ಫುಟ್‌ಬಾಲ್ ಫೈನಲ್‌ನ ವಿಡಿಯೊ ಅಂದೇ ನೋಡಿದೆ. ನೋಡಿಯೂ ಒಂದು ಮಾತು ಬರೆಯಲಿಲ್ಲವೆಂದು ಹಳೆಯ ಬಳಗದ ಗುಂಪಿನಲ್ಲಿ ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದೀಯಲ್ಲ, ಅದಕ್ಕೇ ಉತ್ತರವನ್ನೂ ಎಲ್ಲರೆದುರೇ ಬರೆಯುತ್ತಿದ್ದೇನೆ. ಓದುವವರಲ್ಲಿ ಅರ್ಧ ಜನಕ್ಕೆ ನೀನು ಯಾರೆಂದು ಗೊತ್ತು. ಉಳಿದವರಿಗೆ ಇಷ್ಟು ಸಾಕು: ನಮ್ಮ ತಂಡದಲ್ಲಿ ಇವನು ಲೆಫ್ಟ್ ಔಟ್, ಎಡ ಅಂಚಿನಲ್ಲಿ ಮುನ್ನುಗ್ಗುವವನು; ನಾನು ಸ್ಟಾಪರ್, ಹಿಂದೆ ನಿಂತು ತಡೆಯುವವನು. ಕಲಬುರಗಿಯ ಮೈದಾನಗಳ ಎಡ ಅಂಚಿನ ಗೆರೆಯನ್ನು ನಮ್ಮ ಕಾಲದಲ್ಲಿ ಇವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಸೇಡಂ ಪೆನಾಲ್ಟಿಯ ಸುದ್ದಿಯನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

2017ರ ಮೇ 21, ಕಟಕ್‌ನ ಬಾರಾಬತಿ ಕ್ರೀಡಾಂಗಣ, ದೇಶದ ಕ್ಲಬ್ ತಂಡಗಳ ಫೆಡರೇಷನ್ ಕಪ್ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಕೋಲ್ಕತ್ತದ ಮೋಹನ್ ಬಗಾನ್. ಆ ವರ್ಷ ಕ್ಲಬ್‌ಗಳ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಲ್ಲಿ ಬೆಂಗಳೂರಿನವರು ನಾಲ್ಕನೆಯ ಸ್ಥಾನಕ್ಕೆ ಇಳಿದಿದ್ದರು. ಲೀಗ್ ಗೆದ್ದದ್ದು ಮಿಜೋರಾಂನ ಐಜಾಲ್. ಇಡೀ ದೇಶವೇ ಹುಬ್ಬೇರಿಸಿ ನೋಡಿದ ಗೆಲುವು ಅದು. ಆಮೇಲೆ ಕಪ್ ಶುರುವಾಯಿತು. ಎಂಟು ತಂಡ, ಎರಡು ಗುಂಪು, ಅಲ್ಲಿಂದ ಮುಂದೆ ಸೋತವರು ಮನೆಗೆ. ಸೆಮಿಫೈನಲ್‌ನಲ್ಲಿ ಬೆಂಗಳೂರು ಅದೇ ಐಜಾಲ್ ತಂಡವನ್ನು 1-0ಯಿಂದ ಸೋಲಿಸಿತು. ಇನ್ನೊಂದು ಕಡೆ ಮೋಹನ್ ಬಗಾನ್ ತನ್ನ ಹುಟ್ಟು ಎದುರಾಳಿ ಈಸ್ಟ್ ಬೆಂಗಾಲ್ ಮೇಲೆ 2-0 ಗೋಲುಗಳಿಂದ ಗೆದ್ದು ಬಂತು. ಫೈನಲ್‌ನ ತೊಂಬತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿನ ಸಿ.ಕೆ. ವಿನೀತ್ ಒಂದಲ್ಲ, ಎರಡು ಹೊಡೆದ. ನೀನು ಕಳಿಸಿದ್ದು ಆ ಎರಡು ಗೋಲುಗಳನ್ನು. ಕೆಳಗೆ 'ನಮ್ಮ ಬೆಂಗಳೂರು' ಎಂದು ಬೇರೆ ಬರೆದಿದ್ದೆ. ಇಷ್ಟು ವರ್ಷ ಅಲ್ಲಿದ್ದು ಅದು ನಿನ್ನದಾಗಿದೆ, ಸರಿ. ನನಗೂ ಆ ಗೆಲುವು ನಮ್ಮದೇ ಅನ್ನಿಸುತ್ತದೆ.

ಫೆಡರೇಷನ್ ಕಪ್ ನಡೆದದ್ದು ಅದೇ ಕೊನೆ. ಮರುವರ್ಷದಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಆ ಕೊನೆಯ ಕಪ್ಪಿನ ಎದುರಿಗೆ ಮೊದಲ ಕಪ್ಪನ್ನು ಇಟ್ಟು ನೋಡು. 1977, ಎರ್ನಾಕುಲಂ. ಅಲ್ಲಿಯೂ ಫೈನಲ್‌ನಲ್ಲಿ ಸೋತದ್ದು ಮೋಹನ್ ಬಗಾನ್. ಈ ಕಪ್ಪನ್ನು ಒಟ್ಟು 14 ಸಲ ಗೆದ್ದ ತಂಡ ಮೊದಲ ಸಲವೂ ಕೊನೆಯ ಸಲವೂ ಫೈನಲ್‌ನಲ್ಲಿ ಬೆಂಗಳೂರಿನವರ ಎದುರೇ ಸೋತಿತು. ಅದೇ 1977ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್‌ನ ಕಾಸ್ಮೋಸ್ ತಂಡದ ಎದುರು 2-2 ಸಮ ಮಾಡಿಕೊಂಡದ್ದು ಇದೇ ಮೋಹನ್ ಬಗಾನ್. ಅಂಥ ತಂಡವನ್ನು ಎರ್ನಾಕುಲಂನಲ್ಲಿ 1-0ಯಿಂದ ಮಣಿಸಿದವರು ಯಾರು? ಟೆಲಿಫೋನ್ ಕಾರ್ಖಾನೆಯವರು! ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಬೆಂಗಳೂರಿನ ದೂರವಾಣಿನಗರ.

ನಮ್ಮ ಓಣಿಯ ಡಾಕ್ಟರರ ಮನೆಯ ಕಪ್ಪು ಫೋನ್ ನಿನಗೆ ನೆನಪಿರಬೇಕು. ಬೆರಳು ತೂರಿಸಿ ತಿರುಗಿಸುವ ಚಕ್ರ. ಸೊನ್ನೆ ತಿರುಗಿಸಿದರೆ ಅದು ಕರಕರನೆ ಹಿಂದಕ್ಕೆ ಬಂದು ನಿಲ್ಲುವವರೆಗೂ ಕಾಯಬೇಕಿತ್ತು. ರಿಸೀವರ್ ಎತ್ತಿದರೆ ಮಣಿಕಟ್ಟಿಗೆ ಭಾರ ತಿಳಿಯುತ್ತಿತ್ತು. ಡಾಕ್ಟರರ ಹೆಂಡತಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದರು. ಅದನ್ನು ಮಡಚಿ ಪಕ್ಕಕ್ಕಿಟ್ಟ ಮೇಲೆಯೇ ನಂಬರ್ ತಿರುಗಿಸಬೇಕು. ಅಂಥ ಫೋನುಗಳನ್ನು ದೇಶಕ್ಕೆಲ್ಲ ಮಾಡಿ ಕೊಟ್ಟ ಕಾರ್ಖಾನೆ ಅದು. ಅಲ್ಲಿನ ತಂಡ ರಾಷ್ಟ್ರದ ಮೊದಲ ಫೆಡರೇಷನ್ ಕಪ್ ಗೆದ್ದಿತ್ತೆಂದು ಆಗ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಫೋನಿಗೆ ನಾವು ದಿನಾಲು ಕೈಮುಗಿಯುತ್ತಿದ್ದೆವು.

ಆ ಕಾಲದ ಸಾರ್ವಜನಿಕ ಉದ್ದಿಮೆಗಳ ತಂಡಗಳಲ್ಲಿ ಆಟಗಾರರು ಆಯಾ ಉದ್ದಿಮೆಯ ನೌಕರರೇ. ಚೆಂಡು ಆಡುವ ಹುಡುಗನಿಗೆ ಕಾರ್ಖಾನೆ ಕೆಲಸ ಕೊಡುತ್ತಿತ್ತು, ತಿಂಗಳಿಗೆ ಸಂಬಳ ಕೊಡುತ್ತಿತ್ತು, ನಿವೃತ್ತಿಯಾದರೆ ಪಿಂಚಣಿಯ ಮಾತೂ ಇತ್ತು. ನಮ್ಮ ಭಾಗಕ್ಕೂ ಇದು ಹೊಸದಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಗೆ ಹೋಗಿ ರೋವರ್ಸ್ ಕಪ್ ಎತ್ತಿ ತಂದ ಹೈದರಾಬಾದ್ ಸಿಟಿ ಪೊಲೀಸ್ ತಂಡ ನಮ್ಮ ಅಜ್ಜಂದಿರ ರಾಜಧಾನಿಯ ತಂಡ. ಅವರಿಗೆ ಆಟ ಕಲಿಸಿದ ಸೈಯದ್ ಅಬ್ದುಲ್ ರಹೀಂ ವೃತ್ತಿಯಲ್ಲಿ ಮೇಷ್ಟ್ರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನಕ್ಕೆ ಕರೆದೊಯ್ದವರೂ ಅವರೇ. ಪೊಲೀಸ್, ರೈಲ್ವೆ, ಟೆಲಿಫೋನ್, ವಿಮಾನ ಕಾರ್ಖಾನೆ: ನಮ್ಮ ದೇಶದ ಫುಟ್‌ಬಾಲ್ ಎಷ್ಟೋ ದಶಕ ನಿಂತದ್ದು ಸಂಬಳದ ಚೀಟಿಯ ಮೇಲೆ.

ಈಗ ನಿನ್ನ ವಿಡಿಯೊ ನೋಡಿ ನಾನು ಯಾಕೆ ಸುಮ್ಮನಾದೆ ಎಂಬುದಕ್ಕೆ ಬರುತ್ತೇನೆ.

ವಿನೀತ್ ಆ ಎರಡು ಗೋಲು ಹೊಡೆದದ್ದು ಮೇ ತಿಂಗಳಲ್ಲಿ. ತಿರುವನಂತಪುರದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಅವನಿಗೆ ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸವಿತ್ತು. ಅದೇ ಮೇ ತಿಂಗಳಲ್ಲಿ ಆ ಕೆಲಸ ಹೋಯಿತು. ಕಾರಣ ಹಾಜರಾತಿ ಸಾಲದು! ಆಡುತ್ತಾನೆಂದು ಕೊಟ್ಟ ಕೆಲಸ ಆಡಲು ಹೋದನೆಂದು ಹೋಯಿತು. ಅಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಸಿಟ್ಟು ಬಂದಿತ್ತು, ಎರಡು ದಿನದಲ್ಲಿ ಆರಿಯೂ ಹೋಗಿತ್ತು. ಈ ಸಲ ನಿನ್ನ ವಿಡಿಯೊ ತೆರೆದಾಗ ನನ್ನ ಮೇಜಿನ ಮೇಲೆ ದ್ವಿತೀಯ ಪಿಯುಸಿಯ ಹಾಜರಿ ಪುಸ್ತಕವಿತ್ತು.

ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಚಿತ್ತಾಪುರ ಕಡೆಯ ಹಳ್ಳಿ, ತಾಯಿ ಹಂಗಾಮಿನಲ್ಲಿ ತೊಗರಿ ಕೊಯ್ಲಿಗೆ ಹೋಗುತ್ತಾಳೆ. ಎಡಗಾಲಿನವನು. ಗರಸು ಹಾಸಿದ ನಮ್ಮ ಮೈದಾನದಲ್ಲಿ ಚೆಂಡು ಹೇಗೆಂದರೆ ಹಾಗೆ ಪುಟಿಯುತ್ತದೆಯಲ್ಲ, ಇವನ ಕಾಲಿಗೆ ಬಂದರೆ ಹೇಳಿದ ಮಾತು ಕೇಳುತ್ತದೆ. ಮೊನ್ನೆ ಅವನ ಬೂಟನ್ನು ಕೈಯಲ್ಲಿ ಹಿಡಿದು ನೋಡಿದೆ. ಎಡ ಬೂಟಿನ ಅಂಗಾಲಿನ ಗುಬ್ಬಿಗಳು ಪೂರ್ತಿ ಸವೆದು ಚರ್ಮದ ಮಟ್ಟಕ್ಕೆ ಬಂದಿವೆ. ಹೆಬ್ಬೆರಳಿನ ಕಡೆ ಹರಿದಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಕೂರುವ ಚಮ್ಮಾರರು ಟೈರಿನ ತುಂಡು ಇಟ್ಟು ದಪ್ಪ ದಾರದಿಂದ ಹೊಲಿದು ಕೊಟ್ಟಿದ್ದಾರೆ. ಬಲ ಬೂಟು ಇನ್ನೂ ಹೊಸದರಂತೆಯೇ ಇದೆ. ಅಷ್ಟು ಎಡಗಾಲಿನವನು!

ಹೈದರಾಬಾದಿನ ಒಂದು ತಂಡ ಅವನನ್ನು ಪಂದ್ಯಗಳಿಗೆ ಕರೆಯುತ್ತದೆ. ಹೋಗಿಬರುವ ಖರ್ಚು, ಊಟ, ಮೇಲೆ ಸ್ವಲ್ಪ ದುಡ್ಡು. ರಾತ್ರಿ ರೈಲು ಹತ್ತುತ್ತಾನೆ, ಎರಡು ದಿನ ಬಿಟ್ಟು ಬರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎ, ಎ, ಎ. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಕಾಲೇಜಿನ ಪರವಾಗಿ ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಕ್ಕೆ ಹೋದ ದಿನಗಳನ್ನು ಲೆಕ್ಕಕ್ಕೆ ಹಿಡಿಯೋಣ, ಹೊರಗಿನ ತಂಡಕ್ಕೆ ಆಡಿದ್ದನ್ನು ಹೇಗೆ ಹಿಡಿಯುವುದು ಎನ್ನುತ್ತಾರೆ ಪ್ರಾಚಾರ್ಯರು. ಅವರು ಹೇಳುವುದರಲ್ಲಿ ನ್ಯಾಯವಿದೆ. ಕೊರತೆಯ ಪಟ್ಟಿ ಬರೆದು ಕೊಡಬೇಕಾದವನು ತರಗತಿ ಉಪನ್ಯಾಸಕ. ಅಂದರೆ ನಾನು.

ಹುಡುಗನನ್ನು ಕರೆದು ಕೂರಿಸಿದೆ. 'ಸರ್, ಪರೀಕ್ಷೆ ಪಾಸಾದರೆ ಕೆಲಸ ಸಿಗುತ್ತದೆಯೇ?' ಎಂದು ಕೇಳಿದ. ಎದುರುತ್ತರದ ದನಿಯಲ್ಲಿ ಅಲ್ಲ, ಬಸ್ ಎಷ್ಟು ಗಂಟೆಗೆ ಎಂದು ಕೇಳುವವನ ಹಾಗೆ. 'ಆಡಿದರೆ ಸಿಗುತ್ತದೆಯೇ?' ಎಂದು ನಾನು ಕೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದಿನದನ್ನು ಬರೆಯಬೇಕೆಂದು ಕೂತಿರಲಿಲ್ಲ ಗೆಳೆಯಾ. ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ವರ್ಷ ನಿನಗೆ ಗೊತ್ತು. ಶಿಬಿರಕ್ಕೆ ಹೋಗಲಿಲ್ಲವೆಂಬುದೂ ಗೊತ್ತು. ಮನೆಯಲ್ಲಿ ಆ ವಾರ ಏನು ನಡೆಯಿತೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಪ್ಪ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಆಗಲೇ ಬಹಳ ದಿನವಾಗಿತ್ತು. ಬರಬೇಕಾದ ಬಾಕಿಗಾಗಿ ಅಪ್ಪ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟು ಸಂಜೆ ಬರಿಗೈಯಲ್ಲಿ ಬರುತ್ತಿದ್ದರು. ಶಿಬಿರಕ್ಕೆ ಹೊರಡುವ ಮುನ್ನ ನನ್ನ ನೇಮಕಾತಿ ಆದೇಶ ಅಂಚೆಯಲ್ಲಿ ಬಂತು. ಅಪ್ಪ ಅದನ್ನು ಓದಿದರು, ಮಡಚಿದರು, ಮತ್ತೆ ಬಿಚ್ಚಿ ಓದಿದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕೆಲಸಕ್ಕೆ ಹಾಜರಾದೆ.

ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಒಂದಿಷ್ಟೂ ಇಲ್ಲ. ಆ ಸಂಬಳದಲ್ಲಿ ತಂಗಿಯರ ಮದುವೆಯಾಯಿತು, ಅಪ್ಪನ ಔಷಧಿ ನಡೆಯಿತು. ಅದೇ ಲಕೋಟೆ ನಾಳೆ ಮತ್ತೆ ಬಂದರೂ ಅದೇ ಬಸ್ ಹತ್ತುತ್ತೇನೆ. ನನ್ನನ್ನು ಕಾಡುತ್ತಿರುವುದು ಇದೇ. ಈ ಹುಡುಗನ ಎದುರು ಕೂತಾಗ ಅವನಿಗೆ 'ಆಡು' ಎನ್ನಲು ನನ್ನ ಬಾಯಿ ಬರುವುದಿಲ್ಲ, 'ಬಿಡು' ಎನ್ನಲು ಮನಸ್ಸು ಬರುವುದಿಲ್ಲ. ಅವನ ಎಡಗಾಲನ್ನು ನೋಡಿ ರಾತ್ರಿ ನಿದ್ದೆ ಹತ್ತಲಿಲ್ಲವೆಂದರೆ ನಂಬುತ್ತೀಯಾ? ನನ್ನ ಹೆಂಡತಿಗೂ ಇದನ್ನು ಹೇಳಿಲ್ಲ. ಈಗ ಊರಿಗೆಲ್ಲ ಹೇಳಿದಂತಾಯಿತು.

1977ರಲ್ಲಿ ಎರ್ನಾಕುಲಂಗೆ ಹೋದ ಆ ಟೆಲಿಫೋನ್ ಕಾರ್ಖಾನೆಯ ಹುಡುಗರ ಬಗ್ಗೆ ನನಗೆ ಇಷ್ಟು ಪ್ರೀತಿ ಹುಟ್ಟಿದ್ದೂ ಇದರಿಂದಲೇ. ಅವರ ಮನೆಗೆ ಬಂದ ನೇಮಕಾತಿ ಆದೇಶವೂ ಆಟಕ್ಕೆ ಬಂದ ಕರೆಯೂ ಒಂದೇ ಕಾಗದದಲ್ಲಿದ್ದವು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಿರಲಿಲ್ಲ. ಹಾಗೆ ನಿಶ್ಚಿಂತೆಯಿಂದ ಮೈದಾನಕ್ಕಿಳಿದವರು ಮೋಹನ್ ಬಗಾನ್ ಎದುರು ಗೆದ್ದದ್ದು ನನಗೆ ಪವಾಡವೆಂದು ತೋರುವುದಿಲ್ಲ. ನಲವತ್ತು ವರ್ಷಗಳ ಮೇಲೆ ಕಟಕ್‌ನಲ್ಲಿ ಗೋಲು ಹೊಡೆದವನಿಗೆ ಕ್ಲಬ್ಬಿನ ಒಪ್ಪಂದವಿತ್ತು, ಬಹಳ ಒಳ್ಳೆಯ ಒಪ್ಪಂದವೇ ಇದ್ದಿರಬೇಕು. ಅಷ್ಟು ಎತ್ತರ ಏರಿದವನಿಗೆ ಸರಿ. ಆದರೆ ಏಣಿಯ ಮೊದಲ ಮೆಟ್ಟಿಲಿನಲ್ಲಿರುವ ಚಿತ್ತಾಪುರದ ಹುಡುಗನಿಗೆ ಯಾವ ಒಪ್ಪಂದ? ಮೊದಲಾಗಿದ್ದರೆ ಅವನನ್ನು ಯಾವುದೋ ಕಾರ್ಖಾನೆಯೋ ಪೊಲೀಸರೋ ಕಣ್ಣಿಟ್ಟು ಕರೆದುಕೊಂಡು ಹೋಗುತ್ತಿದ್ದರು.

ಸಾಕು, ಬಹಳ ಬರೆದೆ. ನೀನು ಅಲ್ಲಿ ಕೂತು ಗಂಟಲು ಸರಿಪಡಿಸಿಕೊಳ್ಳುತ್ತಿರುತ್ತೀಯ, ನನಗೆ ಗೊತ್ತು. ಗಂಭೀರ ಮಾತು ಬಂದರೆ ನಿನಗೆ ಕೆಮ್ಮು ಬರುವುದು ಹತ್ತನೆಯ ತರಗತಿಯಿಂದ ಬಂದ ರೋಗ.

ಪಟ್ಟಿ ಕೊಡಲು ಸೋಮವಾರದವರೆಗೆ ಸಮಯವಿದೆ. ಹೈದರಾಬಾದಿನ ಆ ತಂಡದವರಿಂದ ಆಡಿದ ದಿನಾಂಕಗಳಿರುವ ಪತ್ರ ತರಿಸುತ್ತಿದ್ದೇನೆ. ಅದನ್ನು ಹಿಡಿದುಕೊಂಡು ಪ್ರಾಚಾರ್ಯರ ಮುಂದೆ ಕೂರುತ್ತೇನೆ, ಅಗತ್ಯವಾದರೆ ಮೇಲಿನ ಕಚೇರಿಗೂ ಹೋಗುತ್ತೇನೆ. ಉಳಿದ ದಿನಗಳಿಗೆ ಬೆಳಿಗ್ಗೆ ವಿಶೇಷ ತರಗತಿ ತೆಗೆದುಕೊಳ್ಳುತ್ತೇನೆಂದು ಹೇಳಿದ್ದೇನೆ, ಹುಡುಗ ಒಪ್ಪಿದ್ದಾನೆ. ನಿನ್ನ ಪಾಲಿನ ಕೆಲಸ ಇಷ್ಟು: ಬೆಂಗಳೂರಿನ ಲೀಗ್‌ನಲ್ಲಿ ಆಡುವ ಇಲಾಖೆ, ಬ್ಯಾಂಕ್, ಸೇನಾ ತಂಡಗಳಲ್ಲಿ ಹೊಸ ಹುಡುಗರನ್ನು ಈಗಲೂ ನೌಕರಿ ಕೊಟ್ಟು ತೆಗೆದುಕೊಳ್ಳುವವರು ಯಾರಿದ್ದಾರೆಂದು ವಿಚಾರಿಸು. ನಿನಗೆ ಮೈದಾನದ ಜನ ಪರಿಚಯ, ನಾಚಿಕೆಯಂತೂ ಮೊದಲಿನಿಂದಲೂ ಇಲ್ಲ. ಇದನ್ನು ಓದುತ್ತಿರುವ ಉಳಿದವರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವರೂ ತಿಳಿಸಲಿ. ಈ ಪತ್ರವನ್ನು ಬಯಲಲ್ಲಿ ಬರೆದದ್ದರಿಂದ ಅಷ್ಟಾದರೂ ಲಾಭವಾಗಲಿ.

ಶರಣಬಸವೇಶ್ವರರ ಜಾತ್ರೆಗೆ ಬರುತ್ತೀಯೆಂದು ಅವ್ವ ಈಗಲೇ ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದ್ದಾಳೆ. ಬರುವಾಗ ಎಂಟನೆಯ ಅಳತೆಯ ಬೂಟು ಒಂದು ಜೊತೆ ತಾ, ಗಟ್ಟಿ ನೆಲಕ್ಕೆ ಆಗುವಂಥದ್ದು. ದುಡ್ಡು ನಾನು ಕೊಡುತ್ತೇನೆ. ನೀನು ಕೊಡುತ್ತೇನೆಂದು ಜಗಳ ತೆಗೆದರೆ ಸೇಡಂ ಪೆನಾಲ್ಟಿಯ ಪೂರ್ತಿ ಕಥೆ ಮುಂದಿನ ಪತ್ರದಲ್ಲಿ ಬರುತ್ತದೆ, ರೆಫರಿಯ ಛತ್ರಿಯ ಸಮೇತ.

ನಿನ್ನ,
ಸ್ಟಾಪರ್
ಕಲಬುರಗಿ