ತಲೆಗೆ ಪೆಟ್ಟೆಂದರೆ ಸಿ.ಟಿ. ಸ್ಕ್ಯಾನ್ ಆಗಲೇಬೇಕೇ?

ಮಾನ್ಯರೇ,

ಬೈಕಿನಿಂದ ಬಿದ್ದವರೋ, ಆಟವಾಡುತ್ತಾ ಎಡವಿ ಹಣೆಗೆ ಪೆಟ್ಟು ಮಾಡಿಕೊಂಡ ಮಕ್ಕಳೋ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರೆ, ತಪಾಸಣೆ ಮುಗಿಯುವ ಮೊದಲೇ ಸಿ.ಟಿ. ಸ್ಕ್ಯಾನ್‌ಗೆ ಚೀಟಿ ಬರೆಯುವುದು ಹಲವು ಆಸ್ಪತ್ರೆಗಳಲ್ಲಿ ರೂಢಿಯಾಗುತ್ತಿದೆ. ಗಂಭೀರ ಪೆಟ್ಟಿನಲ್ಲಿ ಈ ಪರೀಕ್ಷೆ ಜೀವ ಉಳಿಸುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಎಚ್ಚರ ತಪ್ಪದೆ, ಮಾತು, ನಡಿಗೆ ಎಂದಿನಂತಿರುವವರಿಗೂ ಅದನ್ನೇ ಬರೆಯುವುದು ಸರಿಯಲ್ಲ.

ಯಾರಿಗೆ ಸ್ಕ್ಯಾನ್ ಬೇಕೆಂದು ರೋಗಿಯನ್ನು ನೋಡಿಯೇ ನಿರ್ಧರಿಸಲು ನೆರವಾಗುವ ಮಾನದಂಡಗಳು ಹೊಸವೇನಲ್ಲ. ಪೆಟ್ಟಾಗಿ ಎರಡು ತಾಸು ಕಳೆದರೂ ಪ್ರಜ್ಞೆ ಪೂರ್ಣವಾಗಿ ಮರಳದಿರುವುದು, ಎರಡು ಅಥವಾ ಹೆಚ್ಚು ಬಾರಿ ವಾಂತಿ, ತಲೆಬುರುಡೆ ಮುರಿದಿರುವ ಲಕ್ಷಣ, 65 ಮತ್ತು ಅದಕ್ಕೂ ಹೆಚ್ಚಿನ ವಯಸ್ಸು ಮುಂತಾದವನ್ನು ಅಪಾಯದ ಸೂಚನೆಗಳೆಂದು ಕೆನಡಾದ ವೈದ್ಯರು 2001ರಲ್ಲೇ ಗುರುತಿಸಿದ್ದಾರೆ. (ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಈ ನಿಯಮ ಅನ್ವಯಿಸದು, ಅವರ ವಿಷಯದಲ್ಲಿ ಉದಾಸೀನ ಸಲ್ಲದು.) ಮಕ್ಕಳಿಗೆ ಬೇರೆ ಮಾನದಂಡವಿದೆ. ಉತ್ತರ ಅಮೆರಿಕದ 25 ತುರ್ತು ವಿಭಾಗಗಳಿಗೆ ಬಂದ, ಬಹುತೇಕ ಎಚ್ಚರವಾಗಿಯೇ ಇದ್ದ 42,412 ಮಕ್ಕಳನ್ನು ಕುರಿತು ಆ ಮಾನದಂಡ ರೂಪಿಸಲೆಂದೇ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 35ರಷ್ಟು ಮಕ್ಕಳಿಗೆ ಸಿ.ಟಿ. ಮಾಡಿಸಲಾಗಿತ್ತು, ಗಮನಾರ್ಹವಾದ ಮೆದುಳಿನ ಪೆಟ್ಟು ಶೇ 1ಕ್ಕಿಂತ ಕಡಿಮೆ ಮಕ್ಕಳಲ್ಲಿತ್ತು, ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾದವರು 60 ಮಂದಿ. ತಲೆಯ ಒಂದು ಸಿ.ಟಿ.ಯಿಂದ ದೇಹಕ್ಕೆ ಸೇರುವ ವಿಕಿರಣ ಸುಮಾರು 2 ಮಿಲಿಸೀವರ್ಟ್, ಅಂದರೆ ಎದೆಯ ಎಕ್ಸ್-ರೇಗಿಂತ ಹತ್ತಾರು ಪಟ್ಟು ಹೆಚ್ಚು. ಒಂದು ಸಲಕ್ಕೆ ಇದರ ಅಪಾಯ ಅಲ್ಪವೇ ಆದರೂ ಬೆಳೆಯುವ ಮಕ್ಕಳ ಮೇಲೆ ಅದರ ಪರಿಣಾಮ ಹೆಚ್ಚು.

ಇನ್ನೂ ಬೇಸರದ ಸಂಗತಿಯೆಂದರೆ, ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನ್ ಆದ ರೋಗಿಯನ್ನು ಬೆಂಗಳೂರಿಗೋ ಮಂಗಳೂರಿಗೋ ಕಳಿಸಿದಾಗ, ಜೊತೆಗೆ ತಂದ ಫಿಲ್ಮನ್ನು ಬೆಳಕಿಗೆ ಹಿಡಿದೂ ನೋಡದೆ ಮತ್ತೆ ಸ್ಕ್ಯಾನ್ ಮಾಡಿಸುವುದು. ರೋಗಿಯ ಸ್ಥಿತಿ ಬದಲಾಗಿದ್ದರೆ ಅದು ಅಗತ್ಯ. ಇಲ್ಲದಿದ್ದರೆ ಸಾಲ ಮಾಡಿ ಬಂದ ಕುಟುಂಬಕ್ಕೆ ಮತ್ತೊಂದು ಹೊರೆ.

ಇದಕ್ಕೆಲ್ಲ ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತ ಮೇಲೆ ದಾವೆಯ ಭಯವಿದೆ, ಹಲ್ಲೆಯ ಭಯವಂತೂ ಇದ್ದೇ ಇದೆ. 'ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ' ಎಂದು ಗದರುವ ಬಂಧುಗಳು ನಾವೇ ಅಲ್ಲವೇ? ಆದರೆ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳೇ ನಿಷೇಧಿಸಿವೆ. ಆ ದುರಭ್ಯಾಸಕ್ಕೆ ಭಯದ ನೆಪ ಹೂಡುವಂತಿಲ್ಲ.

ಸಿ.ಟಿ. ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಆದರೆ ಯಾವ ರೋಗಿಗೆ ಯಾಕೆ ಸ್ಕ್ಯಾನ್ ಎಂಬ ಪ್ರಶ್ನೆಗೆ ಉತ್ತರ ಕೇಸ್ ಶೀಟಿನಲ್ಲಿರಬೇಕು. ಮಾನದಂಡದ ಯಾವ ಅಂಶದ ಮೇಲೆ ಸ್ಕ್ಯಾನ್ ಬರೆಯಲಾಯಿತೆಂದು ಒಂದು ಸಾಲು ನಮೂದಿಸುವುದನ್ನೂ, ಹಳೆಯ ಫಿಲ್ಮ್ ಮತ್ತು ಸಿ.ಡಿ.ಯನ್ನು ಮೊದಲು ಪರಿಶೀಲಿಸುವುದನ್ನೂ ಆರೋಗ್ಯ ಇಲಾಖೆಯು ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡಕ್ಕೂ ಕಡ್ಡಾಯ ಮಾಡಲಿ. ಸಣ್ಣ ಪೆಟ್ಟಾದವರನ್ನು ಕೆಲವು ತಾಸು ಕಣ್ಣಿಟ್ಟು ನೋಡಿಕೊಳ್ಳಲು ತುರ್ತು ವಿಭಾಗದಲ್ಲೇ ಹಾಸಿಗೆಗಳನ್ನು ಮೀಸಲಿಟ್ಟು, ರಾತ್ರಿ ಪಾಳಿಗೂ ಸಾಕಷ್ಟು ಶುಶ್ರೂಷಕಿಯರನ್ನು ನೇಮಿಸಲಿ.

– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ