ಗೊರಕೆ ನಿಂತ ಹೊತ್ತಿನ ಬಗ್ಗೆ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಹೊಸ ಕೆಲಸ, ಮನೆ ಬದಲಾಯಿಸುವ ಯೋಚನೆ, ಮಗುವಿನ ತುಂಟಾಟ, ಎಲ್ಲ ಓದಿ ಖುಷಿಯಾಯಿತು. ಅದಕ್ಕೆಲ್ಲ ಇನ್ನೊಂದು ದಿನ ಉತ್ತರ ಬರೆಯುತ್ತೇನೆ. ಇವತ್ತು ಒಂದೇ ಒಂದು ಸಾಲಿನ ಬಗ್ಗೆ ಬರೆಯಬೇಕು. ನೀನು ಅದನ್ನು ತಮಾಷೆಗೆ ಬರೆದಿದ್ದೀಯ. "ನನ್ನ ಗೊರಕೆ ತಡೆಯಲಾರದೆ ಇವಳು ದಿಂಬು ಎತ್ತಿಕೊಂಡು ಆಚೆ ರೂಮಿಗೆ ಹೋಗುತ್ತಾಳೆ. ಮಧ್ಯೆ ಮಧ್ಯೆ ಅದು ತಾನಾಗಿಯೇ ನಿಂತುಹೋಗುತ್ತದಂತೆ. ಆಮೇಲೆ ಬೆಚ್ಚಿಬಿದ್ದ ಹಾಗೆ ಮತ್ತೆ ಶುರುವಂತೆ. ನಿಂತಾಗಲಾದರೂ ಅವಳಿಗೆ ನೆಮ್ಮದಿ ಸಿಗುತ್ತದಲ್ಲ ದೊಡ್ಡಮ್ಮ!"

ಆ ಸಾಲು ಓದಿದ ಮೇಲೆ ಮುಂದಿನದು ತಲೆಗೆ ಹತ್ತಲಿಲ್ಲ. ನಿಂತುಹೋಗುತ್ತದೆ ಅಂದರೆ ಎಷ್ಟು ಹೊತ್ತು? ಆಗ ಎದೆ, ಹೊಟ್ಟೆ ಆಡುತ್ತಿರುತ್ತದಾ? ಆಡುತ್ತಿದ್ದರೂ ಮೂಗಿನಿಂದ ಗಾಳಿ ಬರುತ್ತಿರುತ್ತದಾ? ಅವಳು ಹತ್ತಿರ ಹೋಗಿ ನೋಡಿದ್ದಾಳಾ? ಆಚೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ನಿಂತದ್ದನ್ನು ಕೇಳಿಸಿಕೊಳ್ಳುವವರು ಯಾರು?

ದೊಡ್ಡಪ್ಪನಿಗೆ ಏನಾಯಿತು ಅನ್ನುವುದು ನಿನಗೆ ಗೊತ್ತೇ ಇದೆ. ಆ ಬೆಳಗಿನ ವಿಷಯ ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಅದಕ್ಕೂ ಮುಂಚಿನ ರಾತ್ರಿಗಳು. ಅವರ ಗೊರಕೆ ಎಂಥದ್ದು ಅಂತ ರಜಕ್ಕೆ ಬಂದಾಗ ನೀವು ಮಕ್ಕಳೆಲ್ಲ ಅಣಕಿಸಿ ತೋರಿಸುತ್ತಿದ್ದಿರಿ. ಅವರೂ ನಿಮ್ಮ ಜೊತೆ ನಗುತ್ತಿದ್ದರು. ಅದು ನಡುನಡುವೆ ನಿಲ್ಲುತ್ತಿತ್ತು ಅನ್ನುವುದು ಮಾತ್ರ ನನಗೊಬ್ಬಳಿಗೆ ಗೊತ್ತಿತ್ತು. ನಿಂತ ಕೂಡಲೇ ನಾನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ. ಮತ್ತೆ ಶುರುವಾಗುವುದರೊಳಗೆ ನಿದ್ದೆ ಹೋಗಬೇಕು ಅಂತ ಅವಸರ. ನಿನ್ನ ಹೆಂಡತಿಗೆ ಸಿಗುವ ನೆಮ್ಮದಿ ಇದೆಯಲ್ಲ, ಅದೇ ನೆಮ್ಮದಿ. ಅವಳನ್ನು ದೂರುತ್ತಿಲ್ಲ ಮಗು. ಅಷ್ಟು ಸದ್ದು ನಿಂತರೆ ಯಾರಿಗಾದರೂ ಹಾಯೆನಿಸುತ್ತದೆ.

ಅದು ಯಾಕೆ ನಿಲ್ಲುತ್ತದೆ ಅಂತ ನಾನು ತಿಳಿದುಕೊಂಡದ್ದು ತುಂಬ ತಡವಾಗಿ. ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವಲ್ಲ, ಗಂಟಲಿನವೂ ಸಡಿಲವಾಗುತ್ತವೆ. ಬಾಯಿಯ ಅಂಗುಳದ ಹಿಂಭಾಗದ ಮೆತ್ತನೆಯ ಮಾಂಸ, ಕಿರುನಾಲಿಗೆ, ನಾಲಿಗೆಯ ಬುಡ ಎಲ್ಲ ಹಿಂದಕ್ಕೆ ಜೋತು ದಾರಿ ಇಕ್ಕಟ್ಟಾಗುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ನುಗ್ಗಿದಾಗ ಅವು ಅದುರುವ ಸದ್ದೇ ಗೊರಕೆ. ಅಷ್ಟೇ ಆದರೆ ತೊಂದರೆ ಪಕ್ಕದಲ್ಲಿ ಮಲಗಿದವರಿಗೆ ಮಾತ್ರ. ಆದರೆ ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ನೆನೆದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಹೀರಿದರೆ ಏನಾಗುತ್ತದೆ ಹೇಳು? ಹೀರಿದಷ್ಟೂ ಅದು ಒಳಕ್ಕೆ ಅಂಟಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಸದ್ದು ನಿಲ್ಲುವುದು ಅದಕ್ಕೆ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಾಗೆ ನಿಂತರೆ ಡಾಕ್ಟರುಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸ್ಲೀಪ್ ಆಪ್ನಿಯಾ ಅನ್ನುತ್ತಾರೆ.

ಹಾಗೆ ನಿಂತ ಉಸಿರು ನಿಂತೇ ಹೋಗುವುದಿಲ್ಲವಂತೆ. ರಕ್ತದಲ್ಲಿ ಆಮ್ಲಜನಕ ಇಳಿದ ಹಾಗೆ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ನೀನು ಬೆಚ್ಚಿಬೀಳುತ್ತೀಯ ಅಂತ ಬರೆದಿದ್ದೀಯಲ್ಲ, ಅದೇ ಇದು. ಪೂರ್ತಿ ಎಚ್ಚರವಾಗುವುದಿಲ್ಲ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಇದನ್ನು ಹೇಳಿದ ಡಾಕ್ಟರು ನನಗೆ ಸಮಾಧಾನ ಮಾಡಲಿಕ್ಕೇ ಹೇಳಿದರು. ಸಮಾಧಾನವಾಗಲಿಲ್ಲ. ಒಂದು ರಾತ್ರಿಯಲ್ಲಿ ಎಷ್ಟು ಸಲ ಆ ಗಾಬರಿ? ಪ್ರತಿ ಸಲವೂ ಎದೆ ಹೊಡೆದುಕೊಂಡು ಬಿಪಿ ಏರುತ್ತದೆ. ವರ್ಷಗಟ್ಟಲೆ ಹಾಗೇ ನಡೆದರೆ ಹಗಲಿನಲ್ಲೂ ಬಿಪಿ ಇಳಿಯುವುದಿಲ್ಲ. ದೊಡ್ಡಪ್ಪನಿಗೆ ಬಿಪಿ ಮಾತ್ರೆ ಒಂದರ ಮೇಲೊಂದು ಜಾಸ್ತಿ ಮಾಡುತ್ತಲೇ ಹೋದರು. ನಿದ್ದೆ ಹೇಗಿದೆ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಗೊರಕೆಯನ್ನೂ ಡಾಕ್ಟರ ಹತ್ತಿರ ಹೇಳುತ್ತಾರಾ ಅನ್ನುವ ಕಾಲ ಅದು.

ಗೊರಕೆಯಿಂದಲೇ ಅವರಿಗೆ ಹಾಗಾಯಿತು ಅಂತ ಯಾರೂ ಹೇಳಿಲ್ಲ. ನಾನೂ ಹೇಳುವುದಿಲ್ಲ.

ಆದರೆ ಎಷ್ಟೊಂದು ಗುರುತು ಕಣ್ಣೆದುರೇ ಇದ್ದವು ಅಂತ ಈಗ ಕೂತು ಎಣಿಸುತ್ತೇನೆ. ಏಳುವಾಗಲೇ ತಲೆನೋವು. ಬಾಯಿ ಒಣಗಿರುವುದು. ಪೇಪರ್ ಹಿಡಿದು ಕೂತಲ್ಲೇ ತೂಕಡಿಕೆ. ರಾತ್ರಿ ಮೂತ್ರಕ್ಕೆ ಮೂರು ನಾಲ್ಕು ಸಲ ಎದ್ದು ಹೋಗುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆಯುವಾಗ ಹೃದಯ ಹಿಗ್ಗುತ್ತದಂತೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ತಪ್ಪು ತಿಳಿದು ಮೂತ್ರ ಹೆಚ್ಚಿಸುವ ಸಂಕೇತ ಕಳಿಸುತ್ತದಂತೆ. ಇದನ್ನೆಲ್ಲ ನಾವು ಎಲ್ಲಿಂದ ಊಹಿಸಬೇಕಿತ್ತು ಹೇಳು. ಸಂಜೆ ಆರಕ್ಕೆಲ್ಲ ಸೋಫಾದಲ್ಲಿ ಮಲಗಿಬಿಡುತ್ತಿದ್ದರು. ನಾನು ಎಷ್ಟೋ ಸಲ ಸೋಮಾರಿ ಅಂದಿದ್ದೇನೆ. ಬಂದವರ ಮುಂದೆಯೂ ಅಂದಿದ್ದೇನೆ. ಅವರು ಎದುರಾಡುತ್ತಿರಲಿಲ್ಲ. ರಾತ್ರಿ ಎಂಟು ಗಂಟೆ ಮಲಗಿಯೂ ಒಂದು ಗಂಟೆ ನೆಟ್ಟಗೆ ನಿದ್ದೆ ಮಾಡದ ಮನುಷ್ಯನಿಗೆ ಆ ಮಾತು ಹೇಗಿದ್ದಿರಬಹುದು.

ಅದಿರಲಿ. ನಿನ್ನ ಕಾಗದದಲ್ಲಿ ಇನ್ನೊಂದು ಕಡೆ, ಮಧ್ಯಾಹ್ನದ ಮೀಟಿಂಗಿನಲ್ಲಿ ಕಣ್ಣು ಎಳೆಯುತ್ತದೆ ಅಂತ ಬರೆದಿದ್ದೀಯ. ಅದಕ್ಕೆ ಹೊಸ ಕೆಲಸದ ಆಯಾಸ ಕಾರಣ ಅಂದಿದ್ದೀಯ. ಇರಬಹುದು. ಆದರೆ ಕಾರು ಓಡಿಸುವಾಗಲೂ ಹಾಗಾಗುತ್ತದಾ? ಸಿಗ್ನಲಿನಲ್ಲಿ ನಿಂತಾಗ? ನಿಜ ಹೇಳು, ನಿಮ್ಮಮ್ಮನಿಗೆ ನಾನು ಹೇಳುವುದಿಲ್ಲ. ಒಂದು ಸಲವಾದರೂ ಹಾಗೆ ಆಗಿದ್ದರೆ ಡಾಕ್ಟರನ್ನು ನೋಡುವವರೆಗೆ ಸ್ಟಿಯರಿಂಗ್ ಮುಟ್ಟಬೇಡ. ಇದೊಂದು ಮಾತನ್ನು ದೊಡ್ಡಮ್ಮ ಅಧಿಕಾರದಿಂದಲೇ ಹೇಳುತ್ತಿದ್ದಾಳೆ. ಉಳಿದದ್ದೆಲ್ಲ ನಿನಗೆ ಬಿಟ್ಟದ್ದು.

ಉಳಿದದ್ದು ಅಂದರೆ, ಎಲ್ಲರೂ ಹೇಳುವಂಥದ್ದೇ. ಮಗ್ಗುಲಾಗಿ ಮಲಗು. ಅಂಗಾತ ಮಲಗಿದರೆ ನಾಲಿಗೆ ತನ್ನ ಭಾರಕ್ಕೇ ಹಿಂದಕ್ಕೆ ಬೀಳುತ್ತದೆ. ನಿದ್ದೆಯಲ್ಲಿ ಹೊರಳಿಬಿಡುತ್ತೀಯ ಅಂತಾದರೆ ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಳ್ಳುವ ಉಪಾಯ ಇದೆ. ನಗಬೇಡ, ಡಾಕ್ಟರುಗಳೇ ಹೇಳುವುದು. ತಲೆಯ ಕಡೆ ಹಾಸಿಗೆಯನ್ನು ಸ್ವಲ್ಪ ಎತ್ತರಿಸಿದರೂ ಕೆಲವರಿಗೆ ಗುಣ ಕಾಣುತ್ತದೆ.

ಮೂಗು ಕಟ್ಟಿದ್ದರೆ ಬಾಯಲ್ಲಿ ಉಸಿರಾಡುತ್ತೀಯ, ಗೊರಕೆ ಜಾಸ್ತಿಯಾಗುತ್ತದೆ. ಚಿಕ್ಕವನಿದ್ದಾಗಿಂದ ನಿನ್ನ ಮೂಗು ಒಂದು ಕಡೆ ಕಟ್ಟಿಯೇ ಇರುತ್ತಿತ್ತಲ್ವಾ, ಅದನ್ನು ತೋರಿಸು. ಕುಡಿಯುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಕುಡಿದರೆ ಗಂಟಲಿನ ಸ್ನಾಯು ಇನ್ನೂ ಸಡಿಲವಾಗುತ್ತದೆ, ಉಸಿರು ನಿಲ್ಲುವುದೂ ಉದ್ದವಾಗುತ್ತದೆ ಅನ್ನುವುದು ತಿಳಿದಿರಲಿ. ನಿದ್ದೆ ಮಾತ್ರೆಯಂತೂ ನಿನ್ನಷ್ಟಕ್ಕೆ ನೀನೇ ತೆಗೆದುಕೊಳ್ಳಲೇಬೇಡ. ಸಿಗರೇಟು ಗಂಟಲನ್ನು ಊದಿಸುತ್ತದೆ. ಅದನ್ನು ಬಿಟ್ಟಿದ್ದೀಯ ಅಂತ ನಂಬಿದ್ದೇನೆ.

ತೂಕದ ಮಾತು ಎತ್ತಿದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಬರೆದುಬಿಡುತ್ತೇನೆ. ಕತ್ತಿನ ಸುತ್ತ, ನಾಲಿಗೆಯಲ್ಲಿ ಕೂಡ, ಕೊಬ್ಬು ಸೇರುತ್ತದೆ. ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯಾ ಅಂತ ಡಾಕ್ಟರುಗಳು ಕೇಳುವುದು ಅದಕ್ಕೇ. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಉಸಿರು ತಡೆಯುವುದು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ಅಮೆರಿಕದ ದೀರ್ಘಕಾಲದ ಒಂದು ಅಧ್ಯಯನ 2000ದಲ್ಲಿ ಹೇಳಿತ್ತು. ಹಾಗಂತ ತೆಳ್ಳಗಿರುವವರಿಗೆ ಇದು ಬರುವುದೇ ಇಲ್ಲ ಅಂತಲ್ಲ. ದವಡೆ ಚಿಕ್ಕದಿದ್ದರೂ ಬರುತ್ತದೆ. ನಮ್ಮ ಕಡೆಯವರಿಗೆಲ್ಲ ಒಳಕ್ಕೆ ಸರಿದ ಗದ್ದ, ನಿನಗೂ ಅದೇ ಬಂದಿದೆ.

ನಾಲಿಗೆಗೆ, ಗಂಟಲಿಗೆ ವ್ಯಾಯಾಮಗಳೂ ಇವೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು, ಸ್ವರಗಳನ್ನು ಎಳೆದು ಹೇಳುವುದು, ಇಂಥವು. ಬ್ರೆಜಿಲ್‌ನಲ್ಲಿ ಮೂರು ತಿಂಗಳು ದಿನವೂ ಮಾಡಿಸಿ ನೋಡಿದರಂತೆ, ಮಧ್ಯಮ ಮಟ್ಟದ ತೊಂದರೆ ಇದ್ದವರಿಗೆ ಗುಣ ಕಂಡಿತು ಅಂತ 2009ರಲ್ಲಿ ಬರೆದಿದ್ದಾರೆ. ಸ್ವಿಟ್ಜರ್ಲೆಂಡ್‌ನವರು ಇನ್ನೂ ಮುಂದೆ ಹೋಗಿದ್ದಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಅನ್ನುವ ಉದ್ದನೆಯ ಊದುವ ವಾದ್ಯವನ್ನು ರೋಗಿಗಳಿಗೆ ನಾಲ್ಕು ತಿಂಗಳು ಕಲಿಸಿದರು. ಹಗಲಿನ ತೂಕಡಿಕೆ ಕಡಿಮೆಯಾಯಿತು. 2017ರಲ್ಲಿ ಅದಕ್ಕೆ ಇಗ್ ನೊಬೆಲ್ ಅನ್ನುವ ತಮಾಷೆಯ ಪ್ರಶಸ್ತಿ ಕೂಡ ಬಂತು, ಅದೂ ಶಾಂತಿ ವಿಭಾಗದಲ್ಲಿ. ದೊಡ್ಡಪ್ಪ ಇದನ್ನು ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

ಇಷ್ಟೆಲ್ಲ ಬರೆದ ಮೇಲೂ ನನ್ನ ಭಯ ಅಲ್ಲೇ ಇದೆ. ಮಗ್ಗುಲಾಗಿ ಮಲಗಿ, ಮೂಗು ತೆರೆದುಕೊಂಡು, ಸದ್ದು ಕಡಿಮೆಯಾಗಿಬಿಟ್ಟರೆ ಎಲ್ಲರೂ ಸರಿಯಾಯಿತು ಅಂದುಕೊಳ್ಳುತ್ತೀರಿ. ನಿಲ್ಲುವುದು ಮಾತ್ರ ಮುಂದುವರಿದಿದ್ದರೆ? ಆಗ ಹೇಳುವ ಸದ್ದೂ ಇರುವುದಿಲ್ಲ. ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವುದು ಈಗ ಫ್ಯಾಷನ್ ಅಂತೆ. ಉಸಿರು ನಿಲ್ಲುವ ಅನುಮಾನ ಇರುವವನು ಆ ಕೆಲಸ ಮಾಡಬಾರದು.

ಅದಕ್ಕೇ ಕೇಳುತ್ತಿದ್ದೇನೆ, ಪರೀಕ್ಷೆ ಮಾಡಿಸಿಕೋ. ಕಿವಿ ಮೂಗು ಗಂಟಲಿನ ಡಾಕ್ಟರಾಗಲಿ, ಶ್ವಾಸಕೋಶದ ಡಾಕ್ಟರಾಗಲಿ ಸ್ಲೀಪ್ ಸ್ಟಡಿಗೆ ಬರೆದುಕೊಡುತ್ತಾರೆ. ಒಂದು ರಾತ್ರಿಯ ಕೆಲಸ. ಎದೆಗೆ ಪಟ್ಟಿ, ಮೂಗಿನ ಹತ್ತಿರ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್. ಆಸ್ಪತ್ರೆಯಲ್ಲಾದರೆ ತಲೆಗೂ ವೈರು ಅಂಟಿಸುತ್ತಾರೆ. ಮನೆಯಲ್ಲೇ ಮಾಡಿಸುವ ಚಿಕ್ಕ ಪರೀಕ್ಷೆಯೂ ಉಂಟು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರ ಕಡಿಮೆಯಾಯಿತು ಅಂತ ಲೆಕ್ಕ ಬರುತ್ತದೆ. ಐದಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ. 15ರವರೆಗೆ ಸಣ್ಣದು, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ, ಮಗು.

ಇಷ್ಟು ವಿವರ ನನಗೆ ಹೇಗೆ ಗೊತ್ತು ಅನ್ನುತ್ತೀಯ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಇದು ಜಾಸ್ತಿಯಾಗುತ್ತದೆ. ನಾನೂ ಗೊರಕೆ ಹೊಡೆಯುತ್ತೇನೆ ಅಂತ ನಿನ್ನ ಅಕ್ಕ ಹೇಳಿದಾಗ ನಾನು ಒಪ್ಪಲೇ ಇಲ್ಲ. ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಆಗ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ನನ್ನದು ಸಣ್ಣ ಮಟ್ಟದ್ದು. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಸಾಧನವನ್ನು ಹಲ್ಲಿನ ಡಾಕ್ಟರು ಅಳತೆ ತೆಗೆದು ಮಾಡಿಕೊಟ್ಟಿದ್ದಾರೆ. ಮೊದಮೊದಲು ಜೊಲ್ಲು ಸುರಿಯುತ್ತಿತ್ತು, ಬೆಳಿಗ್ಗೆ ದವಡೆ ನೋಯುತ್ತಿತ್ತು. ಈಗ ಅಭ್ಯಾಸವಾಗಿದೆ.

ನಿನಗೆ ಅದಕ್ಕಿಂತ ಹೆಚ್ಚಿನದೇ ಬೇಕಾಗಬಹುದು. ಸಿಪ್ಯಾಪ್ ಅನ್ನುವ ಯಂತ್ರ ಇದೆ. ಮಾಸ್ಕ್ ಮೂಲಕ ಗಾಳಿಯನ್ನು ಸಣ್ಣ ಒತ್ತಡದಲ್ಲಿ ಊದುತ್ತಾ ಗಂಟಲು ಮುಚ್ಚಿಕೊಳ್ಳದ ಹಾಗೆ ಹಿಡಿದಿಡುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ಇದನ್ನು ಮಾಡಿ 1981ರಲ್ಲಿ ಪ್ರಕಟಿಸಿದರಂತೆ. ಆ ವರ್ಷವನ್ನು ಡಾಕ್ಟರ ಬಾಯಲ್ಲಿ ಕೇಳಿದಾಗ ನನಗೆ ಎದೆ ಧಸಕ್ಕೆಂದಿತು. ಆಗಿನ್ನೂ ನಿನ್ನ ದೊಡ್ಡಪ್ಪನಿಗೆ ತಲೆ ತುಂಬ ಕಪ್ಪು ಕೂದಲು. ಮದ್ದು ಲೋಕದಲ್ಲಿ ಎಲ್ಲೋ ಇತ್ತು, ನಾವು ಕೇಳಲಿಲ್ಲ ಅಷ್ಟೇ. ಮಾಸ್ಕ್ ಹಾಕಿಕೊಂಡು ಮಲಗುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ ಅಂತ ನಿನಗೆ ಅನಿಸಬಹುದು. ಮೊದಲ ವಾರ ಉಸಿರು ಕಟ್ಟಿದ ಹಾಗಾಗಿ ಕಿತ್ತೆಸೆಯುವವರೂ ಇದ್ದಾರೆ. ಎಸೆಯುವ ಮೊದಲು ಬೇರೆ ಅಳತೆಯ ಮಾಸ್ಕ್ ಕೇಳು. ಹಗಲಿನಲ್ಲಿ ಟಿವಿ ನೋಡುವಾಗ ಹಾಕಿಕೊಂಡು ಅಭ್ಯಾಸ ಮಾಡಿಕೋ.

ನಿನ್ನ ಹೆಂಡತಿಗೆ ಒಂದು ಮಾತು ಹೇಳು. ಅವಳ ನಿದ್ದೆ ಕೆಡಿಸು ಅಂತ ನಾನು ಹೇಳುವುದು ನ್ಯಾಯವಲ್ಲ, ಅವಳಿಗೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು. ಒಂದೆರಡು ರಾತ್ರಿ ಮಾತ್ರ ನಿನ್ನ ಪಕ್ಕ ಇದ್ದು, ನಿಂತಾಗ ಫೋನಿನಲ್ಲಿ ವಿಡಿಯೊ ತೆಗೆಯಲಿ. ಎದೆ, ಹೊಟ್ಟೆ ಕಾಣುವ ಹಾಗೆ ತೆಗೆಯಲಿ. ಎಷ್ಟು ಸೆಕೆಂಡ್ ನಿಂತಿತು ಅಂತ ನೋಡಲಿ. ಅದನ್ನು ಡಾಕ್ಟರಿಗೆ ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಅವಳೂ ಜೊತೆಗೆ ಬಂದರೆ ಒಳ್ಳೆಯದು. ಮಲಗಿದವನಿಗೆ ತನ್ನ ರಾತ್ರಿ ಗೊತ್ತಿರುವುದಿಲ್ಲ, ನೀನು ಒಬ್ಬನೇ ಹೋದರೆ "ಏನಿಲ್ಲ ಡಾಕ್ಟ್ರೇ, ಸ್ವಲ್ಪ ಗೊರಕೆ" ಅಂದು ಎದ್ದು ಬರುತ್ತೀಯ. ಆ ವಿಡಿಯೊ ನನಗೆ ಕಳಿಸಬೇಡ. ನನ್ನಿಂದ ನೋಡಲಿಕ್ಕಾಗುವುದಿಲ್ಲ.

ಭಾನುವಾರ ಫೋನ್ ಮಾಡುತ್ತೇನೆ. ಡಾಕ್ಟರ ಹತ್ತಿರ ಯಾವತ್ತಿಗೆ ಸಮಯ ಸಿಕ್ಕಿದೆ ಅಂತಷ್ಟೇ ಕೇಳುತ್ತೇನೆ, ಬೇರೆ ಏನೂ ಕೇಳುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ. ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಬೇಕು ಅಂತ ಬರೆದಿದ್ದೀಯಲ್ಲ, ಅದಕ್ಕೆ ಮುಂಚೆಯೇ ಈ ಪರೀಕ್ಷೆ ಮುಗಿಸು. ನನಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಅಂತ ಅರಿವಳಿಕೆ ಕೊಡುವ ಡಾಕ್ಟರಿಗೂ ನೀನೇ ಬಾಯಿಬಿಟ್ಟು ಹೇಳು. ಅವರು ಕೇಳಲಿ ಅಂತ ಕಾಯಬೇಡ.